ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವರು ಯಾವ ಪುಸ್ತಕ ಓದಬೇಕು, ಹೇಗೆ ಓದಬೇಕು

ನಮ್ಮ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಗಣಿತದ ಮೇಷ್ಟ್ರಿಗೋ ವಿಜ್ಞಾನದ ಮಿಸ್‌ಗೋ ಬಂದು ಬೀಳುತ್ತದೆ. ಆಗ ಕೈಗೆ ಸಿಗುವುದು ಯಾವುದಾದರೂ ಸಾಫ್ಟ್‌ವೇರಿನ ಗೈಡು. ಈ ಮೆನು ತೆರೆಯಿರಿ, ಆ ಬಟನ್ ಒತ್ತಿ, ಫೈಲ್ ಸೇವ್ ಮಾಡಿ. ಅದನ್ನು ಸದ್ಯಕ್ಕೆ ಬದಿಗಿಡಿ. ಹೊಸ ವರ್ಶನ್ ಬಂದ ಕೂಡಲೇ ಅದರ ಅರ್ಧ ಪುಟ ಕೆಲಸಕ್ಕೆ ಬರುವುದಿಲ್ಲ. ನಮಗೆ ಬೇಕಾಗಿರುವುದು ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅಂತ ತೋರಿಸುವ ಪುಸ್ತಕ.

ಲ್ಯಾಬಿನಲ್ಲಿ ಮಕ್ಕಳು ಜಾಸ್ತಿ, ಕಂಪ್ಯೂಟರ್ ಕಡಿಮೆ, ಮೇಲೆ ಕರೆಂಟ್ ಬೇರೆ ಇಲ್ಲ ಅಂದರೆ 'ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್'‌ನಿಂದ ಶುರು ಮಾಡಿ. ಕಂಪ್ಯೂಟರ್ ಇಲ್ಲದೆಯೇ ಆಟ, ಚಟುವಟಿಕೆಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುವ ಪುಸ್ತಕ ಇದು, ಟಿಮ್ ಬೆಲ್, ಇಯಾನ್ ವಿಟನ್, ಮೈಕ್ ಫೆಲೋಸ್ ಬರೆದದ್ದು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇದನ್ನು ಮೊದಲಿಂದ ಕೊನೆವರೆಗೆ ಓದಲು ಕೂರಬೇಡಿ, ಒಂದು ಚಟುವಟಿಕೆ ಓದಿ ಮರುದಿನವೇ ತರಗತಿಯಲ್ಲಿ ಮಾಡಿಬಿಡಿ.

ಬೈನರಿ, ಅಂದರೆ ಬರೀ 0 ಮತ್ತು 1ರಲ್ಲಿ ಸಂಖ್ಯೆ ಬರೆಯುವ ಪಾಠವನ್ನೇ ನೋಡಿ. ಐದು ರಟ್ಟಿನ ಮೇಲೆ 16, 8, 4, 2, 1 ಚುಕ್ಕಿ ಹಾಕಿ, ಐದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. ಕೂತ ಮಕ್ಕಳಿಗೆ 16ರ ರಟ್ಟು ಎಡಗಡೆ ಕಾಣಬೇಕು. ಚುಕ್ಕಿ ಕಂಡರೆ 1, ರಟ್ಟು ಹಿಂದೆ ತಿರುಗಿಸಿದರೆ 0. ಈಗ '9 ಮಾಡಿ' ಅನ್ನಿ. 8 ಮತ್ತು 1 ಹಿಡಿದವರು ಚುಕ್ಕಿ ತೋರಿಸುತ್ತಾರೆ, ಉಳಿದವರು ತಿರುಗಿಸುತ್ತಾರೆ, ಬೋರ್ಡಿನ ಮೇಲೆ 01001 ಬರೆಯಿರಿ. ಆಮೇಲೆ 21 ಕೇಳಿ. ಆಮೇಲೆ, ಒಂದೇ ಸಂಖ್ಯೆಯನ್ನು ಎರಡು ಥರ ಮಾಡಬಹುದಾ ಅಂತ ಕೇಳಿ ನೀವು ಸುಮ್ನೆ ನಿಂತುಬಿಡಿ, ಅವರೇ ಜಗಳ ಆಡಿಕೊಂಡು ಹುಡುಕಲಿ, ಇಲ್ಲ ಅಂತ ಅವರ ಬಾಯಿಂದಲೇ ಬರಲಿ. 32 ಕೇಳಿದರೆ ಎಲ್ಲ ರಟ್ಟು ತೋರಿಸಿದರೂ 31ಕ್ಕೇ ನಿಲ್ಲುತ್ತದೆ. ಇನ್ನೊಂದು ರಟ್ಟು ಬೇಕು, ಅದರ ಮೇಲೆ ಎಷ್ಟು ಚುಕ್ಕಿ ಅನ್ನುವುದನ್ನು ನೀವು ಹೇಳಬೇಡಿ.

ಎರಡನೆಯದು ಸೀಮೋರ್ ಪೇಪರ್ಟ್ ಅವರ 'ಮೈಂಡ್‌ಸ್ಟಾರ್ಮ್ಸ್', 1980ರದು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪುಸ್ತಕ ಇಲ್ಲ. ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ 1967ರಲ್ಲಿ ಹುಟ್ಟಿತು, ಅದನ್ನು ರೂಪಿಸಿದವರಲ್ಲಿ ಪೇಪರ್ಟ್ ಒಬ್ಬರು. ಅದರಲ್ಲಿ ಮಕ್ಕಳು ಒಂದು ಆಮೆಗೆ ಆಜ್ಞೆ ಕೊಟ್ಟು ಚಿತ್ರ ಬಿಡಿಸುತ್ತಾರೆ. ಪುಸ್ತಕದ ಭಾಷೆ ಅಲ್ಲಲ್ಲಿ ಕಷ್ಟ, ಹಾಗಾಗಿ ಆಮೆಯ ರೇಖಾಗಣಿತ ಇರುವ ಮೂರನೇ ಅಧ್ಯಾಯ ಮೊದಲು ಓದಿ, ಆಮೇಲೆ ಹಿಂದೆ ಹೋಗಿ.

ಓದಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಒಬ್ಬಳು ಆಮೆ, ಇನ್ನೊಬ್ಬ ಆಜ್ಞೆ ಕೊಡುವವನು. ಚೌಕ ಸುಲಭ, ಹತ್ತು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ನಾಲ್ಕು ಸಲ. ಈಗ ಸಮಬಾಹು ತ್ರಿಭುಜ ಕೇಳಿ. ತ್ರಿಭುಜದ ಕೋನ 60 ಅಲ್ವಾ, ಅದಕ್ಕೆ 60 ತಿರುಗು ಅನ್ನುತ್ತಾರೆ. ಮೂರು ಸಲ ನಡೆದರೂ ಆಮೆ ಹೊರಟ ಜಾಗಕ್ಕೆ ಬರುವುದಿಲ್ಲ, ಹಾಗೇ ಮುಂದುವರಿದರೆ ಷಡ್ಭುಜ ಆಗುತ್ತದೆ. ತಿರುಗಬೇಕಾದದ್ದು ಹೊರಕೋನ, 120. ಈ ತಪ್ಪನ್ನು ನೀವು ತಿದ್ದಲು ಹೋಗಬೇಡಿ. ತಪ್ಪು ಅಂದರೆ ಹುಡುಕಿ ಸರಿಮಾಡುವ ವಸ್ತು, ಮಗುವಿನ ದಡ್ಡತನ ಅಲ್ಲ ಅನ್ನುವುದೇ ಪೇಪರ್ಟ್ ಅವರ ಮಾತಿನ ತಿರುಳು. ಆಮೇಲೆ ಲ್ಯಾಬಿಗೆ ಬಂದು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಇಂಥದೇ ಆಮೆ ಇರುವ ಟರ್ಟಲ್‌ನಲ್ಲಿ ಇದನ್ನೇ ಮಾಡಿಸಿ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ.

ಶಾಲೆಗೆ ಸ್ಮಾರ್ಟ್‌ಬೋರ್ಡೋ ಟ್ಯಾಬೋ ಕೊಳ್ಳುವ ಮಾತು ಬಂದರೆ, ದುಡ್ಡು ಕೊಡುವ ಮುಂಚೆ ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ ಅವರ 'ಟೀಚರ್ಸ್ ಅಂಡ್ ಮಷೀನ್ಸ್' ಓದಿ, ಹೆಡ್‌ಮಾಸ್ಟರಿಗೂ ಓದಿಸಿ. 1986ರ ಪುಸ್ತಕ, ಅಮೆರಿಕದ ಶಾಲೆಗಳ ಕಥೆ. ಸಿನಿಮಾ ಬಂದು ಪಠ್ಯಪುಸ್ತಕವನ್ನೇ ಓಡಿಸುತ್ತದೆ ಅಂತ ಎಡಿಸನ್ 1922ರಲ್ಲಿ ಹೇಳಿದ್ದರು. ಆಮೇಲೆ ರೇಡಿಯೋ, ಟಿವಿ ಬಂದಾಗಲೂ ಇದೇ ಭರವಸೆ. ಯಾವುದೂ ತರಗತಿಯನ್ನು ಅಷ್ಟು ಬದಲಿಸಲಿಲ್ಲ. ಯಂತ್ರ ಕೈಗೆ ಸಿಗುವುದು ಕಷ್ಟ, ಕೆಟ್ಟರೆ ರಿಪೇರಿ ಇಲ್ಲ, ಪಾಠಕ್ಕೂ ಅದಕ್ಕೂ ತಾಳೆ ಇಲ್ಲ, ಪಾಠ ಮಾಡುವವರನ್ನು ಯಾರೂ ಕೇಳಲೂ ಇಲ್ಲ. ಈ ನಾಲ್ಕನ್ನೂ ಬರೆದುಕೊಂಡು ಸೇಲ್ಸ್‌ನವರು ಬಂದಾಗ ಒಂದೊಂದಾಗಿ ಕೇಳಿ.

ಪ್ರೋಗ್ರಾಮಿಂಗ್ ಪುಸ್ತಕ ಆರಿಸುವಾಗ ಖಾಲಿ ಸ್ಕ್ರೀನಿನಿಂದ ಶುರು ಮಾಡಿಸುವುದನ್ನು ಬಿಡಿ. ಬ್ರಿಟನ್ನಿನ ಸೂ ಸೆಂಟೆನ್ಸ್ ಮತ್ತು ಜೊತೆಯವರು ರೂಪಿಸಿದ 'ಪ್ರಿಮ್' ಕ್ರಮ ಒಳ್ಳೆಯದು. ಮೊದಲು ಬರೆದಿಟ್ಟ ಪ್ರೋಗ್ರಾಮ್ ಕೊಡಿ, ಏನು ಬರುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಊಹಿಸಿ ಬರೆಯಲಿ, ಆಮೇಲೆ ಓಡಿಸಿ ನೋಡಲಿ, ಸಾಲು ಸಾಲು ಬಿಡಿಸಿ ನೋಡಲಿ, ಒಂದೆರಡು ಕಡೆ ಬದಲಿಸಲಿ, ಸ್ವಂತದ್ದು ಕೊನೆಗೆ.

ಇವೆಲ್ಲ ಇಂಗ್ಲಿಷ್ ಪುಸ್ತಕಗಳು, ಒಬ್ಬರೇ ಓದಿ ಮುಗಿಸುವುದು ಕಷ್ಟ. ಅಕ್ಕಪಕ್ಕದ ಶಾಲೆಯವರು ನಾಲ್ಕೈದು ಜನ ಸೇರಿ ಅಧ್ಯಾಯ ಹಂಚಿಕೊಳ್ಳಿ. ಓದಿದವರು ಕನ್ನಡದಲ್ಲಿ ಎರಡು ಪುಟ ಬರೆಯಲಿ, ಒಂದು ಚಟುವಟಿಕೆ ಮಾಡಿ ತೋರಿಸಲಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅದೇ ಹಾಳೆಯ ಹಿಂದೆ ಬರೆಯಲಿ. ಆ ಹಾಳೆಗಳನ್ನು ಲ್ಯಾಬಿನಲ್ಲೇ ಒಂದು ಫೈಲಿನಲ್ಲಿಡಿ, ನಿಮಗೆ ವರ್ಗವಾದರೆ ಮುಂದೆ ಬರುವವರಿಗೆ ಸಿಗಲಿ.