ಬಡವರ ಮನೆಭೇಟಿ: ವಿನ್ಸೆಂಟ್ ಸಭೆಯ ಸದಸ್ಯನಾಗಿ ನನ್ನ ಅನುಭವ

ಮೈಸೂರಿನ ನಮ್ಮ ಧರ್ಮಕೇಂದ್ರದಲ್ಲಿ ಬಡವರ ಸೇವೆಗಾಗಿ ಇರುವ ಕಥೋಲಿಕರ ಸಂಘವಾದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯನಾಗಿ ನಾನು ಹಲವು ವರ್ಷಗಳಿಂದ ಬಡ ಕುಟುಂಬಗಳ ಮನೆಭೇಟಿಗೆ ಹೋಗುತ್ತಿದ್ದೇನೆ. ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಜಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಕೆಲವು ಗೆಳೆಯರೊಡನೆ ಆರಂಭಿಸಿದ ಈ ಸಭೆಗೆ ಮೊದಲಿನಿಂದಲೂ ಮನೆಭೇಟಿಯೇ ಮುಖ್ಯ ಕೆಲಸ. ಆ ನಗರದ ಬಡವರ ನಡುವೆ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂದು ಅವರು ಈ ಯುವಕರಿಗೆ ಯಾವ ಮನೆಗೆ, ಹೇಗೆ ಹೋಗಬೇಕೆಂದು ಕಲಿಸಿಕೊಟ್ಟರು. ಕರುಣೆಗೆ ಮನಸ್ಸಿನ ಮಿಡಿತವೊಂದೇ ಸಾಲದು, ಅದಕ್ಕೊಂದು ಕ್ರಮವೂ ಬೇಕು ಎಂಬುದನ್ನು ನಾನು ತಿಳಿದುಕೊಂಡದ್ದು ಅದೇ ಪದ್ಧತಿಯಿಂದ.

ನಾವು ಯಾವಾಗಲೂ ಇಬ್ಬರು ಜೊತೆಯಾಗಿ ಹೋಗುತ್ತೇವೆ. ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರು ಸೋರುವ ಸೂರನ್ನೋ ಖಾಲಿಯಾದ ಮಾತ್ರೆಯ ಪೊಟ್ಟಣವನ್ನೋ ಗಮನಿಸಬಹುದು. ಹೆಂಗಸೊಬ್ಬರೇ ಇರುವ ಮನೆಯವರಿಗೂ ಅದರಿಂದ ಮುಜುಗರವಾಗುವುದಿಲ್ಲ. ಚರ್ಚಿನ ಹೆಸರಿರುವ ಚೀಲವನ್ನು ನಾವು ಒಯ್ಯುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಆ ಕುಟುಂಬದ ಹೆಸರನ್ನು ಸಭೆಯ ಹೊರಗೆ ಎಲ್ಲಿಯೂ ಹೇಳುವುದಿಲ್ಲ. ವಾರದ ಸಭೆಯಲ್ಲಿ ಕಾಣಿಕೆಯ ಚೀಲ ಎಲ್ಲರ ಬಳಿಗೂ ಬರುತ್ತದೆ. ಕೊಡಲು ಏನೂ ಇಲ್ಲದವರೂ ಅದರೊಳಗೆ ಕೈ ಇಡುವುದರಿಂದ ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯುವುದಿಲ್ಲ.

ಮನೆಯೊಳಗೆ ಅವರು ತೋರಿಸಿದ ಜಾಗದಲ್ಲಿ ಕುಳಿತುಕೊಳ್ಳುತ್ತೇನೆ, ಕೊಟ್ಟ ಕಾಫಿಯನ್ನು ಬೇಡವೆನ್ನುವುದಿಲ್ಲ. ಸದಾ ಪಡೆಯುವವರಾಗಿಯೇ ಇರುವುದು ಎಂಥವರಿಗೂ ಕಷ್ಟವಾದ್ದರಿಂದ, ಅವರು ಕೊಡುವುದನ್ನು ಸ್ವೀಕರಿಸುವುದೂ ನಮ್ಮ ಸೇವೆಯ ಭಾಗವೆಂದೇ ನಾನು ಭಾವಿಸುತ್ತೇನೆ. ಅನಂತರ ಕೇಳಿಸಿಕೊಳ್ಳುತ್ತೇನೆ. ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವನ ಕಷ್ಟಕ್ಕೆ ಕಾರಣ ಹೇಳಲು ಹೊರಟ ಮೇಲೆಯೇ ಅವರು ಅವನಿಗೆ ಹೊರೆಯಾದದ್ದು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ "ದೇವರ ಚಿತ್ತ" ಎಂಬ ಮಾತನ್ನು ನಾನು ಆಡುವುದಿಲ್ಲ. ಯಾರ ಜಾತಿ, ಧರ್ಮವನ್ನೂ ನಾವು ಕೇಳುವುದಿಲ್ಲ. ಮನೆಯವರೇ ಬಯಸಿದರೆ ಮಾತ್ರ ಅಲ್ಲಿ ಪ್ರಾರ್ಥಿಸುತ್ತೇವೆ, ಇಲ್ಲವಾದರೆ ಅವರಿಗಾಗಿ ಮಾಡುವ ಪ್ರಾರ್ಥನೆ ನಮ್ಮ ಸಭೆಯಲ್ಲಿ ನಡೆಯುತ್ತದೆ.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರಿಯದವನ ಕುರಿತು ಯೇಸು ಹೇಳಿದ ಸಾಮತಿಯಲ್ಲಿ (ನೀತಿಕಥೆಯಲ್ಲಿ) ನನಗೆ ಹೆಚ್ಚು ದಾರಿ ತೋರಿರುವುದು ಅದರ ಕೊನೆಯ ಭಾಗ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುವುದರೊಂದಿಗೆ ಅವನ ಕೆಲಸ ಮುಗಿಯಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಹೇಳಿ ಹೋದನು. ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವುದು ಮತ್ತು ಮರಳಿ ಬರುವುದು, ಇವೆರಡನ್ನೂ ನಾನು ಅಲ್ಲಿಂದಲೇ ಪಡೆದಿದ್ದೇನೆ. ಗಾರೆ ಕೆಲಸದಲ್ಲಿ ಬೆರಳಿನ ಗೆರೆಗಳು ಸವೆದುಹೋದ ಅಜ್ಜನೊಬ್ಬರಿಗೆ ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಮೂಡದೆ ಪಡಿತರ ತಪ್ಪಿಹೋಗುತ್ತಿತ್ತು. ಅವರಿಗೆ ನಮ್ಮ ಅಕ್ಕಿಯ ಚೀಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಆಧಾರ್ ಕೇಂದ್ರದ ಸರದಿಯಲ್ಲಿ ಜೊತೆಗೆ ನಿಲ್ಲುವ ಒಬ್ಬರು. ಬೆರಳಚ್ಚು ಹೊಸದಾಗಿ ದಾಖಲಿಸಿ, ಮೊಬೈಲ್ ಸಂಖ್ಯೆ ಜೋಡಿಸಿ, ಸಂಧ್ಯಾ ಸುರಕ್ಷಾ ಪಿಂಚಣಿಗಾಗಿ ನಾಡಕಚೇರಿಗೆ ಅರ್ಜಿ ಕೊಡಿಸುವಷ್ಟರಲ್ಲಿ ಹಲವು ಬಾರಿ ಅಲೆಯಬೇಕಾಯಿತು. ಆ ಅಲೆದಾಟವೂ ನನಗೆ ಚರ್ಚಿನಲ್ಲಿ ನಾವು ಅರ್ಪಿಸುವ ಬಲಿಪೂಜೆಯ ಮುಂದುವರಿಕೆಯೇ ಆಗಿತ್ತು. ಹಸಿದವರಿಗೂ ಚಳಿಯಲ್ಲಿರುವವರಿಗೂ ಬೇಕಾದುದನ್ನು ಕೊಡದೆ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದು ಬರಿದೇ ಹರಸಿ ಕಳುಹಿಸುವ ವಿಶ್ವಾಸವನ್ನು ಬೈಬಲ್ಲಿನ ಯಕೋಬನ ಪತ್ರ ಸತ್ತದ್ದೆಂದು ಹೇಳುತ್ತದೆ.

ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ, ನಾನು ಹಸಿದಿದ್ದೆ, ನೀವು ಉಣಬಡಿಸಿದಿರಿ ಎಂದು ಪ್ರಭು ಹೇಳಿದಾಗ ನೀತಿವಂತರು, ನೀವು ಹಸಿದಿದ್ದುದನ್ನು ನಾವು ಯಾವಾಗ ಕಂಡೆವು ಎಂದು ಅಚ್ಚರಿಯಿಂದ ಕೇಳುತ್ತಾರೆ. ಉಣಬಡಿಸುವಾಗ ಅವರಿಗೆ ಅದು ತಿಳಿದಿರಲಿಲ್ಲ. ಎದುರಿಗಿದ್ದ ಮನುಷ್ಯನನ್ನಷ್ಟೇ ನೋಡಿ ಅವರು ಬಡಿಸಿದ್ದರು. ಆದ್ದರಿಂದ ನಾನೂ ಅಜ್ಜನನ್ನು ಅಜ್ಜನೆಂದೇ ಕಂಡು ಅವರ ಮಂಡಿನೋವು, ಸೊಸೆಯ ಮಾತು, ಬಾಡಿಗೆಯ ಚಿಂತೆ ಎಲ್ಲವನ್ನೂ ಕೇಳುತ್ತೇನೆ.

ಕುಡಿತ ಹೊಕ್ಕ ಮನೆಗಳೇ ನಮಗೆ ಕಠಿಣ. ಅಲ್ಲಿಗೆ ನಾವು ಹಣ ಕೊಡದೆ, ದಿನಸಿ ಅಂಗಡಿಯಲ್ಲಿ ನೇರವಾಗಿ ಲೆಕ್ಕ ಚುಕ್ತಾ ಮಾಡಿ, ಬೇಕಾದುದನ್ನು ಮನೆಯಾಕೆಯೇ ಆರಿಸಿಕೊಳ್ಳುವಂತೆ ಏರ್ಪಾಡು ಮಾಡುತ್ತೇವೆ. ಇಂಥ ಮನೆಗಳಿಗೆ ನೆರವು ನಿಲ್ಲಿಸಬೇಕೆಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಅಲ್ಲಿ ಉಣ್ಣುವ ಮಕ್ಕಳಿರುವವರೆಗೆ ನಿಲ್ಲಿಸಬಾರದೆಂಬುದು ನನ್ನ ನಿಲುವು. ಈ ವಿಷಯದಲ್ಲಿ ನಾವಿನ್ನೂ ಒಮ್ಮತಕ್ಕೆ ಬಂದಿಲ್ಲವಾದರೂ ಭೇಟಿಗಳು ನಡೆಯುತ್ತಿವೆ.