ಸೀರೆಯ ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳ್ಳೇದೋ ಕೆಟ್ಟದ್ದೋ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದೇ ನಾವು ಸೀರೆ ಕೊಳ್ಳುವಾಗ ಅದರ ಚೀಟಿಯನ್ನು ತಿರುಗಿಸಿಯೂ ನೋಡುವುದಿಲ್ಲ. ತಂಗಿಯ ಮದುವೆಗೆ ಬಟ್ಟೆ ತೆಗೆಯಲು ಚಿಕ್ಕಬಳ್ಳಾಪುರಕ್ಕೆ ಹೋದಾಗ ಅಂಗಡಿಯವರು ಹಸಿರು ಎಲೆಯ ಚಿತ್ರ ಇದ್ದ ಕುರ್ತಾ ತೋರಿಸಿ, "ಇದು ಆರ್ಗ್ಯಾನಿಕ್, ಮೇಡಂ" ಎಂದರು. ಚೀಟಿಯಲ್ಲಿ ಒಂದು ನಂಬರೂ ಇರಲಿಲ್ಲ.

ಮೊದಲ ಕೆಲಸ, ಗುರುತು ಯಾವುದು ಅಂತ ನೋಡಿ. ಒಂದೊಂದು ಗುರುತು ಒಂದೊಂದು ವಿಷಯಕ್ಕೆ ಮಾತ್ರ ಗ್ಯಾರಂಟಿ ಕೊಡುತ್ತದೆ.

ರೇಷ್ಮೆಗೆ ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಇದನ್ನು ತಂದಿತು. ಚಿಟ್ಟೆಯ ಚಿತ್ರ, ಹೊಲೊಗ್ರಾಂ, ಚೀಟಿಗೊಂದು ನಂಬರ್ ಇರುತ್ತದೆ. ಬಟ್ಟೆ ಶುದ್ಧ ರೇಷ್ಮೆ ಎನ್ನುವುದಷ್ಟೇ ಇದರ ಮಾತು. ಚೀಟಿ ಇಲ್ಲದ ಸೀರೆಯಾದರೆ ಅಂಚಿನ ಎರಡು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಉಂಡೆಯಾದರೆ ಪಾಲಿಸ್ಟರ್.

ಆದರೆ ನೂಲು ಬಿಚ್ಚುವವರ ಬಗ್ಗೆ ಸಿಲ್ಕ್ ಮಾರ್ಕ್ ಏನೂ ಹೇಳುವುದಿಲ್ಲ. ಚರಕದ ಮುಂದೆ ಕೂತ ಹೆಂಗಸರನ್ನು ನೋಡಿದ್ದೀರಾ? ಬಿಸಿ ನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳಿನ ತುದಿ ಬೆಳ್ಳಗೆ ಮುದುಡಿ, ಚರ್ಮ ಸುಲಿದಿರುತ್ತದೆ. ಅವರಿಗೆ ಎಷ್ಟು ಕೂಲಿ ಸಿಕ್ಕಿತು ಅಂತ ಆ ಚಿಟ್ಟೆಗೆ ಗೊತ್ತಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ಒಳಗಿನ ಹುಳು ಸಾಯಬಾರದು ಎನ್ನುವವರಿಗೆ ಅಹಿಂಸಾ ರೇಷ್ಮೆ ಇದೆ. ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬಂದ ಮೇಲೆ, ತುಂಡಾದ ಎಳೆಗಳನ್ನು ಹತ್ತಿಯ ಹಾಗೆ ನೂಲುತ್ತಾರೆ. ಹೊಳಪು ಕಡಿಮೆ, ಬೆಲೆ ಜಾಸ್ತಿ. ಸಿಲ್ಕ್ ಮಾರ್ಕ್ ನೋಡಿ ಅದು ಅಹಿಂಸಾ ಅಂತ ತಿಳಿಯಬೇಡಿ.

ಕೈಮಗ್ಗಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಪವರ್‌ಲೂಮ್ ಬಟ್ಟೆಗೆ ಅದು ಸಿಗುವುದಿಲ್ಲ.

ಹತ್ತಿಗೆ ಬಂದರೆ ಗಾಟ್ಸ್ (GOTS) ಹುಡುಕಿ, ಅಂದರೆ ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಗುರುತು. ಇದು ಸ್ವಲ್ಪ ಗಟ್ಟಿ ಗುರುತು. ಚೀಟಿಯಲ್ಲಿ ಬರೀ 'ಆರ್ಗ್ಯಾನಿಕ್' ಅಂತಿದ್ದರೆ ಕನಿಷ್ಠ 95 ಪರ್ಸೆಂಟ್ ಸಾವಯವ ನಾರು ಇರಬೇಕು, 'ಮೇಡ್ ವಿತ್ ಆರ್ಗ್ಯಾನಿಕ್' ಅಂತಿದ್ದರೆ 70 ಸಾಕು. ಬಣ್ಣ, ರಾಸಾಯನಿಕ, ಕೊಳಚೆ ನೀರು, ಕೆಲಸಗಾರರ ಹಕ್ಕು, ಬಾಲಕಾರ್ಮಿಕರು ಇಲ್ಲದಿರುವುದು, ಇವನ್ನೂ ಇದು ನೋಡುತ್ತದೆ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಬೇರೆ. ಬಟ್ಟೆಯಲ್ಲಿ ಮೈಗೆ ಹಾನಿ ಮಾಡುವ ವಸ್ತು ಉಳಿದಿದೆಯಾ ಅಂತ ಪರೀಕ್ಷೆ ಮಾಡಿ ಕೊಡುವುದು ಅದು. ಪಾಲಿಸ್ಟರ್‌ಗೂ ಸಿಗುತ್ತದೆ, ಅದಕ್ಕೇ ಅದನ್ನು ಆರ್ಗ್ಯಾನಿಕ್ ಅಂದುಕೊಳ್ಳಬಾರದು. ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಇದರ ಮೊದಲನೇ ದರ್ಜೆ, ಎಲ್ಲಕ್ಕಿಂತ ಕಟ್ಟುನಿಟ್ಟು. ಹತ್ತಿ ಬೆಳೆದ ರೈತರಿಗೆ ಕನಿಷ್ಠ ಬೆಲೆ ಸಿಗಲಿ ಅಂತ ಇರುವುದು ಫೇರ್‌ಟ್ರೇಡ್.

ಕೊನೆಗೆ, ನಂಬರ್ ಚೆಕ್ ಮಾಡಿ. ಗಾಟ್ಸ್ ಚೀಟಿಯಲ್ಲಿ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಎರಡೂ ಇರಬೇಕು. ಅಂಗಡಿಯಲ್ಲೇ ನಿಂತು ಮೊಬೈಲಲ್ಲಿ ಆ ನಂಬರನ್ನು ಗಾಟ್ಸ್ ವೆಬ್‌ಸೈಟಿಗೆ ಹಾಕಿ ನೋಡಬಹುದು. ಓಕೋ-ಟೆಕ್ಸ್‌ಗೂ ಹಾಗೇ, ಆದರೆ ಆ ಸರ್ಟಿಫಿಕೇಟ್ ಒಂದೇ ವರ್ಷಕ್ಕೆ, ಅದಕ್ಕೆ ತಾರೀಖು ನೋಡಿ.

ಎಲೆ ಚಿತ್ರದ ಕುರ್ತಾ ಅಲ್ಲೇ ಬಿಟ್ಟು ಬಂದೆ. ಸೀರೆಗೆ ಸಿಲ್ಕ್ ಮಾರ್ಕ್ ಇತ್ತು, ತಂಗಿಗೂ ಇಷ್ಟವಾಯಿತು, ತೆಗೆದುಕೊಂಡೆವು. ನೂಲು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಅಂಗಡಿಯವರು, "ಇದುವರೆಗೆ ಯಾರೂ ಕೇಳಿಲ್ಲಮ್ಮ, ವಿಚಾರಿಸಿ ಹೇಳ್ತೀನಿ" ಎಂದಿದ್ದಾರೆ. ಮುಂದಿನ ವಾರ ಬ್ಲೌಸ್ ಪೀಸ್‌ಗೆ ಹೋಗಬೇಕು, ಆಗ ಮತ್ತೆ ಕೇಳುತ್ತೇನೆ.