ನಿದ್ದೆಯ ಕಾಯಿಲೆ ಮಗುವಿನ ದಿನವನ್ನು ಎಷ್ಟು ತಿನ್ನುತ್ತಿದೆ? ಲೆಕ್ಕ ಇಡುವುದು ಹೀಗೆ

ರಾತ್ರಿ ಪೂರ್ತಿ ಮಲಗಿ ಎದ್ದ ಮಗು ಮೊದಲ ಪಿರಿಯಡ್‌ನಲ್ಲೇ ಬೆಂಚಿಗೆ ತಲೆ ಹಚ್ಚುತ್ತದೆ. ಜೋರಾಗಿ ನಕ್ಕರೆ ಮೊಣಕಾಲು ಸೋತು ಕುಸಿಯುತ್ತದೆ. ನಮ್ಮ ಬಾಗಲಕೋಟೆ ಕಡೆ ಇಂಥ ಮಗುವನ್ನು ಮೈಗಳ್ಳ ಅಂತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಇದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು. ಈ ಕಾಯಿಲೆಯಿಂದ ನಕ್ಕಾಗ ಕುಸಿಯುವ ಬಹುತೇಕ ಮಕ್ಕಳಲ್ಲಿ, ಎಚ್ಚರ ಕಾಯುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಮಾಡುವ ಮೆದುಳಿನ ಕೋಶಗಳೇ ನಾಶವಾಗಿರುತ್ತವೆ. ಬೈದರೆ ಹೋಗುವ ನಿದ್ದೆ ಇದಲ್ಲ.

ಡಾಕ್ಟರ್ ಮುಂದೆ ಕೂತು 'ಭಾಳ ಮಲಗ್ತಾನ್ರಿ' ಅಂದರೆ ಸಾಲದು. ಲೆಕ್ಕ ಬೇಕು.

ಮೊದಲು ಎರಡು ವಾರದ ವಹಿ

ಶಾಲೆ ನಡೆಯುವ ಎರಡು ವಾರ ಆರಿಸಿಕೊಳ್ಳಿ. ಏಪ್ರಿಲ್, ಮೇ ಬೇಡ. ಆ ಬಿಸಿಲಿಗೆ ಮಧ್ಯಾಹ್ನ ಊರೇ ಮಲಗಿರುತ್ತದೆ. ಮಲಗಿದ್ದು, ಎದ್ದದ್ದು, ರಾತ್ರಿ ಎಚ್ಚರವಾದದ್ದು ಬರೆಯಿರಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು. ಮೊಬೈಲ್ ಹಿಡಿದು ತಡವಾಗಿ ಮಲಗಿದ್ದರೆ, ಕಬ್ಬಿನ ಟ್ರ್ಯಾಕ್ಟರ್ ಹಾಡಿಗೆ ನಿದ್ದೆ ಕೆಟ್ಟಿದ್ದರೆ ಅದನ್ನೂ ಬರೆಯಿರಿ. ನಿದ್ದೆ ಸಾಲದೆ ತೂಕಡಿಸುವುದೇ ಬೇರೆ.

ಹಗಲಿನದನ್ನು ಹೀಗೆ ಬರೆಯಬೇಕು: 'ಮಂಗಳವಾರ, 11.40, ಗಣಿತ. ಬರೀತಾ ಬರೀತಾ ಅಕ್ಷರ ಗೀಟಾಗಿ ಸಾಲಿನಿಂದ ಕೆಳಗಿಳಿದಿದೆ. 10 ನಿಮಿಷ.' ಆ ಹಾಳೆಯನ್ನು ಎಸೆಯಬೇಡಿ. ಕಣ್ಣು ಬಿಟ್ಟುಕೊಂಡೇ ಅರೆನಿದ್ದೆಗೆ ಜಾರಿದ್ದಕ್ಕೆ ಅದು ಸಾಕ್ಷಿ. ಟೀಚರ್ ನೆರವಿಲ್ಲದೆ ಈ ಭಾಗ ತುಂಬುವುದು ಕಷ್ಟ.

ನಂತರ ಅಂಕ

ಹಗಲಿನ ತೂಕಡಿಕೆ ಅಳೆಯಲು ಮಕ್ಕಳಿಗೆಂದೇ ಹೊಂದಿಸಿದ ಎಪ್‌ವರ್ತ್ ಅಳತೆಯಲ್ಲಿ 8 ಪ್ರಶ್ನೆಗಳಿವೆ. ಓದುವಾಗ, ತರಗತಿಯಲ್ಲಿ, ಅರ್ಧ ತಾಸು ಬಸ್ಸಿನಲ್ಲಿ (ಮುಧೋಳದಿಂದ ಲೋಕಾಪುರಕ್ಕೆ ಹೋಗುವಷ್ಟು ಹೊತ್ತು ಎಂದುಕೊಳ್ಳಿ), ಮಾತಾಡುವಾಗ, ಊಟ ಮಾಡುವಾಗ ನಿದ್ದೆ ಹತ್ತುತ್ತದಾ ಎಂದು ಕೇಳುತ್ತದೆ. ಪ್ರತಿಯೊಂದಕ್ಕೆ 0ಯಿಂದ (ಹತ್ತುವುದೇ ಇಲ್ಲ) 3 (ಹತ್ತುವ ಸಂಭವ ಜಾಸ್ತಿ), ಒಟ್ಟು 24. 10 ದಾಟಿದರೆ ಡಾಕ್ಟರನ್ನು ಕಾಣಲು ತಡಮಾಡಬೇಡಿ. ಬಸ್ಸಿನಲ್ಲಿ ಯಾರಿಗಾದರೂ ಜೋಂಪು ಹತ್ತುತ್ತದೆ. ರೊಟ್ಟಿ ಕೈಯಲ್ಲಿ ಹಿಡಿದೇ ಮಲಗುವ ಮಗು ಬೇರೆ ಮಾತು.

ನಿದ್ದೆಗಿಂತ ದೊಡ್ಡ ಲೆಕ್ಕ

ವಹಿಯಲ್ಲಿ ಇನ್ನೊಂದು ಅಂಕಣ ಎಳೆಯಿರಿ: ಇವತ್ತು ಏನು ತಪ್ಪಿತು? ಆಟ, ಗೆಳೆಯರ ಮನೆ, ಜಾತ್ರೆ, ಒಂದು ಹೊತ್ತಿನ ಊಟ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಕಣ ಇದೇ. ಕುಸಿದು ಬೀಳುವ ಭಯಕ್ಕೆ ಕೆಲವು ಮಕ್ಕಳು ನಗುವುದನ್ನೇ ಬಿಡುತ್ತಾರೆ. ಗೆಳೆಯರು ಜೋಕ್ ಹೇಳಿದರೆ ಎದ್ದು ಹೋಗುತ್ತಾರೆ. ಮನೆಯವರಿಗೆ ಮಗು ಮೆತ್ತಗಾಗಿದೆ ಅಂತಷ್ಟೇ ಕಾಣುತ್ತದೆ. ಹಾಗೆ ಕುಸಿದಾಗ ಮಗುವಿಗೆ ಪ್ರಜ್ಞೆ ಇರುತ್ತದೆ, ಸುತ್ತಲಿನವರು ಆಡುವ ಮಾತೆಲ್ಲ ಕೇಳಿಸುತ್ತದೆ. ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣ ತುರುಕುವವರು ಇದನ್ನು ತಿಳಿದಿರಬೇಕು.

ಮಗುವನ್ನೇ ಬೇರೆಯಾಗಿ ಕೇಳಿ. ಬದುಕಿನ ಗುಣಮಟ್ಟ ಅಳೆಯುವ ಪೆಡ್ಸ್‌ಕ್ಯೂಎಲ್ ಎಂಬ 23 ಪ್ರಶ್ನೆಗಳ ಪಟ್ಟಿಯಲ್ಲೂ ಮಗುವಿಗೊಂದು, ಹೆತ್ತವರಿಗೊಂದು ಹಾಳೆ ಇದೆ. ಮೈ, ಮನಸ್ಸು, ಗೆಳೆತನ, ಶಾಲೆ ಎಂದು ನಾಲ್ಕು ಭಾಗ. ಎರಡೂ ಹಾಳೆ ಹೊಂದದಿದ್ದರೆ ತಿದ್ದಬೇಡಿ, ಹಾಗೇ ಕೊಡಿ. ಅವ್ವ ಕೂತಲ್ಲೇ ಮಗುವನ್ನು ಕೇಳಿದರೆ 'ಏನಿಲ್ಲ' ಎಂಬ ಉತ್ತರವೇ ಜಾಸ್ತಿ.

ಅಪಾಯ ತಪ್ಪಿದ ಘಳಿಗೆಗಳನ್ನೂ ಬರೆಯಿರಿ: ಸೈಕಲ್, ಒಲೆ, ಬಾವಿ. ಒಂಟಿಯಾಗಿ ಈಜಲು ಬಿಡಲೇಬೇಡಿ.

ಆಮೇಲೆ

ವಹಿಯಿಂದ ರೋಗ ಖಚಿತವಾಗುವುದಿಲ್ಲ. ಅದಕ್ಕೆ ರಾತ್ರಿ ಪೂರ್ತಿ ನಿದ್ದೆಯ ಪರೀಕ್ಷೆ, ಮರುದಿನ ಎರಡೆರಡು ತಾಸಿಗೊಮ್ಮೆ ಮಲಗಿಸಿ ನೋಡುವ ಪರೀಕ್ಷೆ ಬೇಕು. ಮಕ್ಕಳ ಡಾಕ್ಟರ್ ಅಥವಾ ನರರೋಗ ತಜ್ಞರು ದಾರಿ ತೋರಿಸುತ್ತಾರೆ.

ಚಿಕಿತ್ಸೆ ಶುರುವಾಗಿ, ಶಾಲೆಯಲ್ಲಿ 15–20 ನಿಮಿಷ ಮಲಗಲು ಅವಕಾಶ ಸಿಕ್ಕ ಮೇಲೆ ಇದೇ ಹಾಳೆಗಳನ್ನು ಮತ್ತೆ ಎರಡು ವಾರ ತುಂಬಿ. ನಿದ್ದೆಯ ಅಂಕ ಇಳಿದು, 'ಏನು ತಪ್ಪಿತು' ಅಂಕಣ ಮಾತ್ರ ಮೊದಲಿನಷ್ಟೇ ತುಂಬಿದ್ದರೆ, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.